ಚಿಲಕಕ್ಕೆ ಎರಡನೇ ಸಾಕ್ಷಿ

ಇನ್ನು ಮುಂದೆ ಈ ಮನೆಯ ಹೊಸ್ತಿಲೊಳಗೆ ಒಂದೇ ಒಂದು ಗಾಳಿಸುದ್ದಿಯೂ ಕಾಲಿಡಕೂಡದು ಎಂದು ಭಾನುವಾರ ಬೆಳಿಗ್ಗೆ ಹೌದಾರಾಯರು ಕಾಫಿ ಲೋಟವನ್ನು ಮೇಜಿನ ಮೇಲೆ ಕುಕ್ಕಿ ಘೋಷಿಸಿದರು.

ಹೌದಾರಾಯರು ಎಂಬುದು ಕಚೇರಿಯವರು ಇಟ್ಟ ಹೆಸರು. ಪತ್ರಿಕೆಯೊಂದರಲ್ಲಿ ವರದಿಗಳ ಸತ್ಯಾಸತ್ಯ ಪರೀಕ್ಷಿಸುವುದು ಅವರ ಕೆಲಸ. ಬೆಳಿಗ್ಗೆ ಸೂರ್ಯ ಹುಟ್ಟಿದ ಎಂದು ಬರೆದು ತಂದರೂ ಕನ್ನಡಕ ಏರಿಸಿ, “ಹೌದಾ? ಯಾರು ಹೇಳಿದ್ದು?” ಎನ್ನುವವರು. ಒಬ್ಬರು ಹೇಳಿದರೆ ಗಾಳಿಮಾತು. ಒಬ್ಬರಿಗೊಬ್ಬರು ಸಂಬಂಧವಿಲ್ಲದ ಇಬ್ಬರು ಹೇಳಿದರೆ ಮಾತ್ರ ಸುದ್ದಿ. ಕಚೇರಿಯ ಈ ಕಾನೂನು ಅಂದಿನಿಂದ ಮನೆಗೂ ಜಾರಿಯಾಯಿತು!

ಲೋಟದ ಕಾಫಿ ಆರುವ ಮೊದಲೇ ಮಹಡಿಯಿಂದ ಹೆಂಡತಿಯ ಕೂಗು ಬಂತು.

“ಏನ್ರೀ, ಹಾಲು ಉಕ್ತಾ ಇದೆ, ಒಲೆ ಆರಿಸಿ!”

“ಹೌದಾ? ನೀನು ಮೇಲಿದ್ದೀಯ. ನಿನಗೆ ಹೇಗೆ ಗೊತ್ತಾಯ್ತು?”

“ವಾಸನೆ ಬರ್ತಿದೆ ರೀ!”

“ವಾಸನೆ ಸಾಕ್ಷಿಯಲ್ಲ ಕಣೇ, ಸುಳಿವು.”

ಸಾಕ್ಷಿ ಸಿಗುವ ಹೊತ್ತಿಗೆ ಹಾಲು ಒಲೆ ಇಳಿದು, ಅಡುಗೆಮನೆ ದಾಟಿ, ಹೌದಾರಾಯರ ಪಾದವನ್ನು ಖುದ್ದಾಗಿ ಭೇಟಿಯಾಗಿತ್ತು.

ಬುಧವಾರ ಸಂಜೆ ಹೆಂಡತಿ ಮತ್ತೊಂದು ಸುದ್ದಿ ತಂದರು.

“ನೋಡಿ, ಬಚ್ಚಲುಮನೆ ಬಾಗಿಲು ಜೋತುಬಿದ್ದಿದೆ. ಚಿಲಕ ಪೂರ್ತಿ ತಳ್ಳಬೇಡಿ, ಸಿಕ್ಕಿಕೊಳ್ಳುತ್ತೆ. ಅಕಸ್ಮಾತ್ ಸಿಕ್ಕಿಕೊಂಡ್ರೆ...”

“ಹೌದಾ? ಬೇರೆ ಯಾರಾದರೂ ಹೇಳಿದ್ದಾರಾ?”

“ನಾನು ಹೇಳ್ತೀನಿ ಅಳಿಯಂದಿರೇ,” ಎಂದರು ಬಟ್ಟೆ ಮಡಿಸುತ್ತಿದ್ದ ಅತ್ತೆ. “ಬೆಳಿಗ್ಗೆ ಒಳಗೆ ಸಿಕ್ಕಿಕೊಂಡು ಒದ್ದಾಡಿದವಳು ನಾನೇ. ಆಮೇಲೆ ಏನು ಮಾಡಿದೆ ಅಂದ್ರೆ...”

“ಅತ್ತೆ, ನೀವು ಇವಳ ತಾಯಿ. ಸ್ವತಂತ್ರ ಸಾಕ್ಷಿಯಲ್ಲ.”

“ಹಂಗಾದ್ರೆ ನಾನು?” ಎಂದಳು ಕಾಲೇಜಿನಿಂದ ಆಗಷ್ಟೇ ಬಂದ ಮಗಳು.

“ನೀನು ಇಬ್ಬರಿಗೂ ಸಂಬಂಧಿ!”

ಚಿಲಕದ ಸುದ್ದಿ ದೃಢಪಡಲಿಲ್ಲ. ಬಡಗಿಯನ್ನು ಕರೆಸುವ ಮಾತು ಅಲ್ಲಿಗೇ ನಿಂತಿತು.

ಮರುದಿನ ಹೌದಾರಾಯರ ಬಾಳಿನ ಮಹಾದಿನ. ಹೊಸದಾಗಿ ಸೇರಿದ ವರದಿಗಾರರಿಗೆ ‘ಕೇಳಿದ್ದನ್ನು ನಂಬುವ ಮೊದಲು’ ಎಂಬ ಉಪನ್ಯಾಸ ಕೊಡಬೇಕಿತ್ತು. ಮಾತು ಚೆನ್ನಾಗಿ ಬಂದರೆ ತರಬೇತಿ ವಿಭಾಗದ ಮುಖ್ಯಸ್ಥರ ಕುರ್ಚಿ ನಿಮಗೇ ಎಂದು ಸಂಪಾದಕರು ಹೇಳಿದ್ದರು. ಕಿಟಕಿ ಪಕ್ಕದ ಕುರ್ಚಿ! ಹೌದಾರಾಯರು ಅದನ್ನು ಸಂಪಾದಕರ ಕಾರ್ಯದರ್ಶಿಯಿಂದಲೂ ಕೇಳಿ ಖಚಿತಪಡಿಸಿಕೊಂಡಿದ್ದರು.

ಬೆಳಿಗ್ಗೆ ಸ್ನಾನಕ್ಕೆ ಹೋದವರಿಗೆ ಚಿಲಕ ಕಂಡಿತು. ಪ್ರತ್ಯಕ್ಷ ಪರೀಕ್ಷೆಯೇ ಆಗಿಬಿಡಲಿ ಎಂದು ಅದನ್ನು ಕೊನೆಯವರೆಗೂ ತಳ್ಳಿದರು. ಟಕ್! ಸ್ನಾನ ಮುಗಿಸಿ ಎಳೆದರೆ, ಅಧಿಕಾರ ಬಿಡಲೊಲ್ಲದ ಮಂತ್ರಿಯ ಹಾಗೆ ಅದು ಗಟ್ಟಿಯಾಗಿ ಕೂತಿತ್ತು.

“ಲೇ ಇವಳೇ! ಚಿಲಕ ಸಿಕ್ಕಿಕೊಂಡಿದೆ!”

ಕೂಗಿನ ರಭಸಕ್ಕೆ ಪಕ್ಕದ ಮನೆಯ ದರ್ಜಿಯ ಹೊಲಿಗೆ ಯಂತ್ರದ ಸದ್ದು ನಿಂತುಹೋಯಿತು.

“ಹೌದಾ?” ಎಂದಿತು ಹೆಂಡತಿಯ ದನಿ. “ಯಾರು ಹೇಳಿದ್ದು?”

“ನಾನೇ ಹೇಳ್ತಿದ್ದೀನಲ್ಲ!”

“ಅದು ಒಬ್ಬರಾಯ್ತು. ಇನ್ನೊಬ್ಬರು?”

“ಬಚ್ಚಲುಮನೇಲಿ ಇನ್ನೊಬ್ಬರು ಎಲ್ಲಿಂದ ಬರ್ತಾರೆ ಕಣೇ!”

“ಬಂದಿದ್ರೆ ಅದರ ವಿಚಾರಣೆ ಬೇರೆ ಆಗ್ತಿತ್ತು ಬಿಡಿ.”

“ಅಪ್ಪಾ,” ಮಗಳ ದನಿ. “ನಿಂಗೆ ಹೊರಗೆ ಬರೋ ಆಸೆ ಇದೆ ತಾನೆ? ಹಂಗಾದ್ರೆ ನೀನು ಸ್ವತಂತ್ರ ಸಾಕ್ಷಿ ಅಲ್ಲ.”

“ಒಳಗಿರೋದು ಅಳಿಯಂದಿರೇ ಅಂತ ತಾನೆ ಹೇಗೆ ನಂಬೋದು?” ಎಂದರು ಅತ್ತೆ. “ಬರೀ ದನಿ ಕೇಳಿಸ್ತಿದೆ. ಅದು ಸಾಕ್ಷಿಯಲ್ಲ, ಸುಳಿವು.”

ಅಷ್ಟರಲ್ಲಿ ಹೌದಾರಾಯರ ಫೋನು ಹೊರಗೆ ಮೊಳಗಿತು. ಹೆಂಡತಿ ಎತ್ತಿಕೊಂಡರು.

“ನಮಸ್ಕಾರ ಸರ್. ಇಲ್ಲ ಸರ್, ಇನ್ನೂ ಹೊರಟಿಲ್ಲ. ಚಿಲಕ ಬಿಗಿದು ಬಚ್ಚಲುಮನೇಲಿ ಸಿಕ್ಕಿಕೊಂಡಿದ್ದಾರೆ ಅಂತ ಹೇಳಲಾಗ್ತಿದೆ. ಇನ್ನೂ ದೃಢಪಟ್ಟಿಲ್ಲ.”

ಸಂಪಾದಕರು ಕಾಯುವ ಆಸಾಮಿಯಲ್ಲ. ವರದಿಗಾರರೆಲ್ಲ ಬಂದು ಕೂತಾಗಿದೆ, ಸ್ಪೀಕರ್ ಹಾಕಿ ಬಾಗಿಲಿಗೆ ಹಿಡಿಯಿರಿ, ಅಲ್ಲಿಂದಲೇ ಮಾತಾಡಲಿ ಎಂದರು. ಹೌದಾರಾಯರು ಟವೆಲ್ ಬಿಗಿದು, ಬಕೆಟ್ ಬೋರಲು ಹಾಕಿ, ಅದರ ಮೇಲೇರಿ, ಬಾಗಿಲ ಮೇಲಿನ ಗಾಳಿಕಿಂಡಿಗೆ ಮುಖವಿಟ್ಟರು. ಬಚ್ಚಲುಮನೆಯ ಗೋಡೆಗಳು ಅವರ ಕಂಠಕ್ಕೆ ಚಕ್ರವರ್ತಿಯ ಗಾಂಭೀರ್ಯ ತಂದುಕೊಟ್ಟವು.

“ಮಿತ್ರರೇ! ಪ್ರಶ್ನೆ ಕೇಳದವನಿಗೆ ಯಾವ ಬಾಗಿಲೂ ತೆರೆಯುವುದಿಲ್ಲ!”

ಆ ಕಡೆಯಿಂದ ಚಪ್ಪಾಳೆ! ಕಿಟಕಿ ಪಕ್ಕದ ಕುರ್ಚಿ ಕೈಗೆಟುಕುವಷ್ಟು ಹತ್ತಿರ ಬಂತು. ಆಗ ಹೊಸ ವರದಿಗಾರ್ತಿಯೊಬ್ಬಳ ಸಣ್ಣ ದನಿ ಕೇಳಿಸಿತು.

“ಸರ್, ಚಿಲಕ ಸಿಕ್ಕಿಕೊಳ್ಳುತ್ತೆ ಅಂತ ನಿಮಗೆ ಮೊದಲೇ ಯಾರೂ ಹೇಳಿರಲಿಲ್ವಾ?”

“...ಹೇಳಿದ್ದರು. ಅತ್ತೆಯೇ ಒಮ್ಮೆ ಸಿಕ್ಕಿಕೊಂಡಿದ್ದರಂತೆ.”

“ಅವರು ಹೊರಗೆ ಹೇಗೆ ಬಂದ್ರು ಅಂತ ಕೇಳಿದ್ರಾ ಸರ್?”

ಬಕೆಟ್ ಜಾರಿತು. ಹೌದಾರಾಯರು ನೆಲಕ್ಕೆ ಬಂದರು.

“ಅತ್ತೆ,” ಎಂದಿತು ಒಳಗಿನ ದನಿ, ಈಗ ಯಾವ ಗಾಂಭೀರ್ಯವೂ ಇಲ್ಲದೆ. “ನಿನ್ನೆ ನೀವು ಹೊರಗೆ ಹೇಗೆ ಬಂದ್ರಿ?”

“ಅದನ್ನೇ ಹೇಳೋಕೆ ಬಾಯಿ ತೆಗೆದೆ, ನೀವು ಸಂಬಂಧ ವಿಚಾರಿಸೋಕೆ ಹೊರಟ್ರಿ. ಹಿಡಿಕೆ ಹಿಡಿದು ಬಾಗಿಲನ್ನ ಒಂಚೂರು ಮೇಲಕ್ಕೆತ್ತಿ, ಆಮೇಲೆ ಚಿಲಕ ಎಳೀರಿ.”

ಎತ್ತಿದರು. ಎಳೆದರು. ಬೆಣ್ಣೆಯಲ್ಲಿ ಕೂದಲು ಸರಿದ ಹಾಗೆ ಚಿಲಕ ಸರಿಯಿತು. ಕಿವಿಯ ಮೇಲೆ ಸೋಪಿನ ನೊರೆ ಹೊತ್ತ ಹೌದಾರಾಯರು ಹೊರಗೆ ಬಂದಾಗ ಫೋನಿನಿಂದ ಸಂಪಾದಕರ ನಗು ಮನೆ ತುಂಬ ಉರುಳಾಡುತ್ತಿತ್ತು.

“ಭೇಷ್! ಸೋಮವಾರ ನಿಮ್ಮ ಅತ್ತೆಯವರನ್ನ ಕರ್ಕೊಂಡು ಬನ್ನಿ. ಆ ಕುರ್ಚೀಲಿ ಅವರೇ ಕೂರಲಿ, ನೀವು ಬಾಗಿಲು ಕಾಯಿರಿ!”

ಫೋನು ಕಟ್ಟಾಯಿತು. ಹೌದಾರಾಯರು ಸಾವರಿಸಿಕೊಂಡು ಟವೆಲ್ ಸರಿಮಾಡಿಕೊಂಡರು.

“ಸಂಪಾದಕರು ಹಾಗೆ ಅಂದಿರಲಾರರು. ಲೈನ್ ಸರಿ ಇರಲಿಲ್ಲ. ಯಾರು ಕೇಳಿಸಿಕೊಂಡಿದ್ದು?”

“ನಾನು ಕೇಳಿಸಿಕೊಂಡೆ. ಅಮ್ಮ ಕೇಳಿಸಿಕೊಂಡ್ರು. ಇವಳೂ ಕೇಳಿಸಿಕೊಂಡ್ಲು,” ಎಂದರು ಹೆಂಡತಿ.

“ನೀವು ಮೂವರೂ ಸಂಬಂಧಿಕರು!” ಹೌದಾರಾಯರ ಮುಖದಲ್ಲಿ ಜೀವ ಬಂತು. “ಆದ್ದರಿಂದ ಇದು ದೃಢಪಟ್ಟಿಲ್ಲ!”

ಆಗ ಪಕ್ಕದ ಮನೆಯ ಕಿಟಕಿಯಿಂದ ದರ್ಜಿಯ ದನಿ ತೇಲಿ ಬಂತು.

“ನಾನೂ ಕೇಳಿಸಿಕೊಂಡೆ ಸ್ವಾಮಿ! ನಾನು ನಿಮಗೆ ಏನೂ ಆಗಬೇಕಿಲ್ಲ!”