ಬಸ್ಸು ಎಷ್ಟು ವಾಲಿದರೆ ಬೀಳುತ್ತದೆ?

ಸರ್ಕಾರಿ ನೌಕರಿಯಲ್ಲಿ ತಲೆ ಕೆಡಿಸಿಕೊಳ್ಳಲು ಬೇರೆ ಪ್ರಯತ್ನ ಬೇಡ, ದಿನಾ ಹಾಜರಿ ಹಾಕಿದರೆ ಸಾಕು.

ಪೊಲೀಸ್ ಕಾರ್ಯಾಚರಣೆ ಮುಗಿದು, ಹೈದರಾಬಾದ್ ರಾಜ್ಯ ಇನ್ನೂ ಇದ್ದ ಕಾಲ. ಬೀದರಿನಲ್ಲಿ ಗಾಡಿಗಳ ತಪಾಸಣೆ ಮಾಡುವ ಕಚೇರಿಯೊಂದರಲ್ಲಿ ನಾನು ಗುಮಾಸ್ತ. ಹೈದರಾಬಾದಿನಿಂದ ಬಂದ ಹೊಸ ಸಾಹೇಬರಿಗೆ ಒಂದೇ ಚಿಂತೆ: ಯಾವ ಬಸ್ಸು ಎಷ್ಟು ವಾಲಿದರೆ ಉರುಳುತ್ತದೆ? ನನ್ನ ಚಿಂತೆ ಬೇರೆ. ಹೊಸದಾಗಿ ಮದುವೆಯಾಗಿತ್ತು, ಹೆಂಡತಿ ಔರಾದದ ತವರಿನಲ್ಲಿದ್ದಳು. ಆ ಊರಿಗೆ ರೈಲಿಲ್ಲ, ಇದ್ದದ್ದು ಒಂದೇ ಬಸ್ಸು. ಅದನ್ನು ಸಾಹೇಬರು ನಿಲ್ಲಿಸಿಬಿಟ್ಟರೆ ನನ್ನ ಗತಿಯೇನು?

೧. ಬೀದರ ಪಕ್ಕದ ನೌಬಾದದ ಬಯಲಿನಲ್ಲಿ

ಪರೀಕ್ಷೆ ಹೀಗೆ: ಬಸ್ಸಿನ ಒಂದು ಬದಿಯ ಗಾಲಿಗಳ ಕೆಳಗೆ ಹಲಗೆ, ಹಲಗೆಯ ಕೆಳಗೆ ಜಾಕ್. ತಿರುಗಿಸುತ್ತಾ ಹೋದಂತೆ ಬಸ್ಸು ವಾಲುತ್ತದೆ. ಗಾಲಿ ಹಲಗೆ ಬಿಟ್ಟು ಎದ್ದಿತೋ, ಬಸ್ಸು ಇನ್ನು ಉರುಳುತ್ತದೆ ಎಂದರ್ಥ, ಅಲ್ಲಿಗೆ ನಿಲ್ಲಿಸಬೇಕು. ಬಸ್ಸಿನ ಹಿಂದೆ ದಾರಕ್ಕೆ ಕಟ್ಟಿದ ಗುಂಡು ಎಷ್ಟು ಡಿಗ್ರಿ ತೋರಿಸುತ್ತದೆಂದು ಓದುವುದು ನನ್ನ ಕೆಲಸ. ಡಿಗ್ರಿ ಅಂದರೇನೆಂದು ನನಗೆ ಇವತ್ತಿಗೂ ಸರಿಯಾಗಿ ತಿಳಿದಿಲ್ಲ.

ಸಾಹೇಬರು ಮೊದಲು ಔರಾದ ಬಸ್ಸಿನ ಡ್ರೈವರನನ್ನೇ ಕರೆದು ಕೇಳಿದರು, "ನಿನ್ನ ಬಸ್ಸು ಎಷ್ಟು ವಾಲಿದರೆ ಬೀಳುತ್ತದೆ?"

"ಗೊತ್ತಿಲ್ರಿ ಸಾಹೇಬ್ರ. ವಾಲ್ತು ಅಂದ್ರ ಎಲ್ಲಾರ್ಕಿಂತ ಮೊದ್ಲ ನಾನೇ ಜಿಗೀತೇನ್ರಿ."

ಸಾಹೇಬರು ಅದನ್ನೂ ಬರೆದುಕೊಂಡರು.

೨. ಭಾಲ್ಕಿಯ ಚೀಲಗಳು

ಭಾಲ್ಕಿಯಲ್ಲಿ ಸಾಹೇಬರು ಮನುಷ್ಯರ ಬದಲು ಸೀಟಿಗೊಂದು ಮರಳಿನ ಚೀಲ ಇಡಿಸಿದರು. ನಾವು ಚಹಾ ಕುಡಿದು ಬಂದು ನೋಡಿದರೆ ಚೀಲಗಳು ಇಟ್ಟಲ್ಲೇ ಇದ್ದವು. ಸಾಹೇಬರು ಕಾಗದದಲ್ಲಿ ಮುಖ ಹುದುಗಿಸಿಕೊಂಡೇ "ಶುರು" ಅಂದರು. ಜಾಕ್ ನಾಲ್ಕು ಸುತ್ತು ತಿರುಗಿತ್ತು, ಅಷ್ಟರಲ್ಲೇ ಗಾಲಿ ಎದ್ದುಬಿಟ್ಟಿತು. ಇಷ್ಟು ಬೇಗ ಹೇಗೆಂದು ಸಾಹೇಬರು ಮೂರು ಸಲ ಲೆಕ್ಕ ಮಾಡಿದರು, ತಾಳೆಯಾಗಲಿಲ್ಲ. ಆಗ ಮೇಲಿನಿಂದ ದನಿ ಬಂತು, "ಬಸ್ ಯಾವಾಗ ಬಿಡ್ತೀರಿ?"

ತಲೆ ಎತ್ತಿದರೆ ಟಾಪಿನ ತುಂಬಾ ಜನ! ಖಟಕ ಚಿಂಚೋಳಿಗೆ ಹೊರಟಿದ್ದ ಹಿರಿಯರೊಬ್ಬರನ್ನು ಕೇಳಿದೆ, "ಅಲ್ರಿ, ಒಳಗ ಬಿಟ್ಟು ಮ್ಯಾಲ ಯಾಕ ಹತ್ತೀರಿ?"

"ಒಳಗ ಎಲ್ಲಾ ಸೀಟಿನ್ಯಾಗ ಯಾರೋ ಚೀಲ ಇಟ್ಟು ಹೋಗ್ಯಾರ್ರಿ. ಮಂದಿ ಹಿಡಿದಿಟ್ಟ ಜಾಗಾದಾಗ ನಾವ್ ಹ್ಯಾಂಗ ಕೂಡಬೇಕ್ರಿ?"

ಭಾಲ್ಕಿ ಬಸ್ಸು ನಾಪಾಸಾಗಿ ನಿಂತಿತು. ಭಾಲ್ಕಿಯವರಿಗೇನು, ರೈಲಿದೆ. ಮುಂದಿನ ಪರೀಕ್ಷೆ ಔರಾದದ್ದು ಎಂದು ಕೇಳಿ ನನಗೆ ಆ ದಿನ ಊಟ ಸೇರಲಿಲ್ಲ.

೩. ಔರಾದದ ಪ್ರಯಾಣಿಕರು

ಚೀಲದ ಸಹವಾಸ ಸಾಕಾಗಿ, ಸಾಹೇಬರು ಔರಾದದಲ್ಲಿ ನಿಜವಾದ ಪ್ರಯಾಣಿಕರನ್ನೇ ಕೂರಿಸಿದರು. ನಾನು ಗುಂಡು ನೋಡುತ್ತಾ ಹೊರಗೆ ನಿಂತೆ. ಜಾಕ್ ತಿರುಗಿತು, ಬಸ್ಸು ವಾಲಿತು. ಒಳಗಿದ್ದವರೆಲ್ಲ ಎದ್ದು ಮೇಲಾದ ಬದಿಗೆ ಹೋಗಿ ಒತ್ತಿ ಕುಳಿತರು. ದಾರಿಯ ಹಳ್ಳ ದಾಟುವಾಗ ದಿನಾ ಹಾಗೇ ಮಾಡಿ ರೂಢಿ. ಜಾಕ್ ಪೂರ್ತಿ ಏರಿದರೂ ಗಾಲಿ ಏಳಲಿಲ್ಲ.

"ಯಾರೂ ಅಲುಗಾಡಬಾರದು!" ಎಂದು ಸಾಹೇಬರು ಗದರಿದರು. ಎರಡನೇ ಸಲವೂ ಅದೇ ಕಥೆ.

ಕುರಿಮರಿ ಹಿಡಿದು ಕುಳಿತಿದ್ದ ಮುದುಕಿಯೊಬ್ಬಳು ಹೇಳಿದಳು, "ಸಾಹೇಬ್ರ, ನೀವೇ ಬಂದು ಬೀಳೋ ಕಡಿ ಕೂಡ್ರಿ, ನೋಡಮು."

ಸಾಹೇಬರು ಹಟಕ್ಕೆ ಬಿದ್ದು ಹತ್ತಿ ಕುಳಿತರು. ಜಾಕ್ ಅರ್ಧಕ್ಕೆ ಏರುವಷ್ಟರಲ್ಲಿ ಮೇಲಾದ ಬದಿಯಲ್ಲಿ ಮುದುಕಿಯ ಪಕ್ಕ ಕುರಿಮರಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದವರು ಯಾರು? ಸಾಹೇಬರೇ!

ಇಳಿದು ಬಂದು ಸರ್ಟಿಫಿಕೇಟಿನಲ್ಲಿ ಬರೆದರು: "ಬಸ್ಸು ಪಾಸು. ಆದರೆ ಪರೀಕ್ಷೆಯಲ್ಲಿ ಕುಳಿತ ಇವೇ ಪ್ರಯಾಣಿಕರು ಮಾತ್ರ ಹತ್ತತಕ್ಕದ್ದು." ಒಳಗಿದ್ದವರೆಲ್ಲರ ಹೆಸರಿನ ಪಟ್ಟಿಯನ್ನು ನಾನೇ ಕುಣಿಯುತ್ತಾ ಬರೆದು ಬಸ್ಸಿನ ಬಾಗಿಲಿಗೆ ಅಂಟಿಸಿದೆ. ನನ್ನ ಸಂಸಾರ ಉಳಿಯಿತು ಅಂದುಕೊಂಡೆ.

ಮುಂದಿನ ವಾರ ಹೆಂಡತಿಗೆಂದು ಮಲ್ಲಿಗೆ ಹಿಡಿದು ಬೀದರಿನಲ್ಲಿ ಬಸ್ಸು ಹತ್ತಲು ಹೋದೆ. ಡ್ರೈವರ ಕೈ ಅಡ್ಡ ಇಟ್ಟು, ಪಟ್ಟಿಯ ಮೇಲಿಂದ ಕೆಳಗಿನವರೆಗೆ ಬೆರಳಾಡಿಸಿದ.

"ನಿಮ್ಮ ಹೆಸರೇ ಇಲ್ರಿ ಇದರಾಗ. ಅವತ್ತು ನೀವು ಹೊರಗ ನಿಂತಿದ್ರಿ."

"ಅಲ್ಲೋ, ಆ ಪಟ್ಟಿ ಬರ್ದಾಂವನೇ ನಾನು!"

"ಹೌದ್ರಿ, ಅಕ್ಷರ ಭಾಳ ಛಂದ ಅವ," ಎಂದು ಬಾಗಿಲು ಹಾಕಿಕೊಂಡ.