ಮೂವತ್ತು ರೊಟ್ಟಿಯ ಪುರಾವೆ

ಬೆಂಕಿ ಸುಡುತ್ತದೆ ಎಂಬುದು ನಮ್ಮ ಸೋದರಮಾವನಿಗೆ ಇನ್ನೂ ಖಾತ್ರಿಯಾಗಿಲ್ಲ! ಚಿಕ್ಕಂದಿನಲ್ಲಿ ಒಮ್ಮೆ ಮುಟ್ಟಿದ್ದರಂತೆ, ಕೈ ಸುಟ್ಟಿತಂತೆ. ಆದರೆ ಒಂದೇ ಸಲ ತಾನೇ? ಅದು ಆಕಸ್ಮಿಕವೂ ಇರಬಹುದಲ್ಲ?

ಹಳಿಯಾಳದ ಕಾಲೇಜೊಂದರಲ್ಲಿ ಸಂಖ್ಯಾಶಾಸ್ತ್ರ ಕಲಿಸಿ ನಿವೃತ್ತರಾದವರು. ವಿದ್ಯಾರ್ಥಿಗಳಿಗೆ ಬಿಡುಗಡೆ ಸಿಕ್ಕಿತು, ನಮಗೆ ಸಿಗಲಿಲ್ಲ. ಯಾರೇ ಏನೇ ಹೇಳಲಿ, ಮೊದಲು 'ಹಾಗೇನೂ ಇಲ್ಲ' ಎಂದೇ ಹಿಡಿಯಬೇಕಂತೆ. ಸಾಕಷ್ಟು ಪುರಾವೆ ಬಂದ ಮೇಲಷ್ಟೇ ಆ ಹಟ ಬಿಡಬೇಕಂತೆ. ಸಾಕಷ್ಟು ಎಂದರೆ ಎಷ್ಟು? ಕನಿಷ್ಠ ಮೂವತ್ತು ಸಲ!

ಒಮ್ಮೆ ಅವರ ಸ್ಕೂಟರ್ ಕಟಕಟ ಎನ್ನತೊಡಗಿತು. ದಾಂಡೇಲಿಯ ಮೆಕ್ಯಾನಿಕ್ ಸಾಹೇಬರು ರಿಪೇರಿ ಮಾಡಿ, ಒಂದು ಸುತ್ತು ಹೊಡೆದು ಬಂದು, "ಸೌಂಡ್ ಇಲ್ರೀ ಸರ್" ಎಂದರು.

"ಇಲ್ಲಂತ ಹೆಂಗ ಹೇಳ್ತೀರಿ? ನಿಮಗ ಕೇಳಿಲ್ಲ, ಅಷ್ಟ. ಪರೀಕ್ಷಾಕ್ಕ ಬಲ ಬೇಕ್ರೀ! ಇದ್ದದ್ದನ್ನ ಹಿಡಿಯೂವಷ್ಟು ಬಲ. ಒಂದ ಸುತ್ತಿನ್ಯಾಗ ಏನ್ ಸಿಗತೈತಿ?"

ಪಾಪ, ಆ ಮನುಷ್ಯನನ್ನು ಹಿಂದೆ ಕೂರಿಸಿಕೊಂಡು ದೂರದ ಅಂಬಿಕಾನಗರದ ತನಕ ಹೋಗಿ ಬಂದರು. ಇಳಿದವರೇ ಸಾಹೇಬರು ಕೈ ಮುಗಿದರು. "ಗಾಡಿಯೊಳಗ ಸೌಂಡ್ ಇಲ್ರೀ ಸರ್. ನನ್ನ ಸೊಂಟದಾಗ ಈಗ ಶುರು ಆಗೇತಿ."

ಹೊರಗಿನವರ ಪಾಡು ಇಷ್ಟಾದರೆ ಅತ್ತೆಯ ಪಾಡು? ಮುಂಡಗೋಡದ ಕಡೆಯ ಚಿಗಳ್ಳಿಯವರು. ಅವರು ಬಡಿಯುವ ಜೋಳದ ರೊಟ್ಟಿ ತಿಂದವರೆಲ್ಲ ಹೊಗಳುತ್ತಾರೆ, ಕಟ್ಟಿಕೊಂಡ ಗಂಡನೊಬ್ಬನನ್ನು ಬಿಟ್ಟು. 'ಚಲೋ ಆಗೇತಿ' ಎಂಬ ಒಂದೇ ಒಂದು ಮಾತಿಗಾಗಿ ಅತ್ತೆ ಮದುವೆಯಾದಾಗಿನಿಂದ ಕಾದರು.

ಮಾವ ಏನು ಮಾಡಿದರು ಗೊತ್ತೇ? ಖಾನಾವಳಿಯಿಂದ ರೊಟ್ಟಿ ತರಿಸಿ, ಕಣ್ಣಿಗೆ ಟವೆಲ್ ಕಟ್ಟಿಕೊಂಡು ಕುಳಿತರು! ಮನೆಯದೊಂದು, ಖಾನಾವಳಿಯದೊಂದು ನಾನು ಮನಸ್ಸಿಗೆ ಬಂದಂತೆ ಕೊಡಬೇಕು, ಅವರು ಯಾವುದೆಂದು ಹೇಳಬೇಕು. ಆರನೆಯದಕ್ಕೆ ಹೊಟ್ಟೆ ಬಿರಿಯಿತು. ಮೂರು ಸರಿ, ಮೂರು ತಪ್ಪು.

"ಎರಡರಾಗ ಫರಕ ಸಿಕ್ಕಿಲ್ಲ" ಎಂದು ತೀರ್ಪಿತ್ತರು.

ಅತ್ತೆ ಸುಮ್ಮನಿರುವವರೇ? "ಸಿಕ್ಕಿಲ್ಲಂದ್ರ ಇಲ್ಲಂತ ಅಲ್ಲ, ನೀವ ಹೇಳ್ತೀರಲ್ಲ! ನಿಮ್ಮ ನಾಲಗಿಗೆ ಬಲ ಇಲ್ರೀ!"

ಮಾವ ಟವೆಲ್ ಬಿಚ್ಚಿ ಹೆಗಲಿಗೆ ಹಾಕಿಕೊಂಡು ಕೈ ತೊಳೆಯಲು ಎದ್ದರು.

ಕಳೆದ ವರ್ಷ ಅತ್ತೆಗೆ ಲಕ್ವ ಹೊಡೆಯಿತು. ಬಲಗೈ ಬಿದ್ದುಹೋಯಿತು. ಕೈಗೆ ಕೆಲಸ ಕೊಡುತ್ತಿರಿ ಎಂದರು ಡಾಕ್ಟರು. ಅಂದಿನಿಂದ ಮಾವ ಬೆಳಗಾದರೆ ಬಿಸಿನೀರು ಕಾಯಿಸಿ, ತಾವೇ ಹಿಟ್ಟು ನಾದಿ, ಉಂಡೆ ಮಾಡಿ ಅತ್ತೆಯ ಮುಂದಿಡತೊಡಗಿದರು. ದಿನಾ ರೊಟ್ಟಿ ಹರಿಯುತ್ತಿತ್ತು. ಅತ್ತೆ ಅಳುತ್ತಿದ್ದರು. ಹರಿದದ್ದನ್ನೆಲ್ಲ ಮಾವ ಬೇಯಿಸಿಕೊಂಡು ತಿನ್ನುತ್ತಿದ್ದರು. ಎಷ್ಟು ಸಲ ಹರಿದರೂ 'ಇನ್ನು ಆಗುವುದಿಲ್ಲ' ಎಂಬ ತೀರ್ಪು ಅವರ ಬಾಯಿಂದ ಬರಲಿಲ್ಲ.

ಮೊನ್ನೆ ನಾನು ಹೋದಾಗ ಒಂದು ರೊಟ್ಟಿ ಇಡಿಯಾಗಿ ಹಂಚಿಗೆ ಬಿತ್ತು. ಅಂಚು ಸೊಟ್ಟ, ನಡುವೆ ದಪ್ಪ, ಒಂದು ಮಗ್ಗುಲು ಕರಕಲು. ಮಾವ ಒಂದು ತುತ್ತು ಮುರಿದು ಬಾಯಿಗಿಟ್ಟುಕೊಂಡರು.

"ಭಾಳ ಚಲೋ ಆಗೇತಿ."

ನನಗೆ ತಡೆಯಲಾಗಲಿಲ್ಲ. "ಮಾಮಾ, ಒಂದ ರೊಟ್ಟಿ! ಪುರಾವೆ ಸಾಲಂಗಿಲ್ಲ!"

"ಒಂದ ಸಾಕಲೇ" ಎಂದರು.

ಅತ್ತೆ ಇನ್ನೂ ಓರೆಯಾಗಿದ್ದ ಬಾಯಲ್ಲಿ ನಕ್ಕು, ಎಡಗೈಯಿಂದ ಮಣೆ ತೋರಿಸಿದರು. "ಇನ್ನೂ ಇಪ್ಪತ್ತೊಂಬತ್ತು ಉಳದಾವ್ರೀ. ಕುಂದರ್ರಿ."

ಮಾವ ಕಣ್ಣೊರೆಸಿಕೊಂಡು ಕುಳಿತರು.