ಸೀಲು ಬಿದ್ದ ವೆಬ್‌ಸೈಟು

ನಗು ಬರುವಂಥದ್ದು ನಮ್ಮ ಕಚೇರಿಯಲ್ಲಿ ವಾರಕ್ಕೊಂದಾದರೂ ನಡೆದೇ ನಡೆಯುತ್ತದೆ. ನಕ್ಕು ಮುಗಿದ ಮೇಲೆ ಯಾಕಾದರೂ ನಕ್ಕೆವೋ ಅನ್ನಿಸುತ್ತದೆ, ಅದೊಂದೇ ಕಷ್ಟ. ನಾನು ಕುಮಟಾದಲ್ಲಿ ಒಂದು ವಿಶ್ವವಿದ್ಯಾಲಯದ ದೂರಶಿಕ್ಷಣ ಕೇಂದ್ರದ ಕಂಪ್ಯೂಟರ್ ಆಪರೇಟರ್. ಮನೆಯಲ್ಲೇ ಕೂತು ಬಿ.ಎ., ಎಂ.ಎ. ಓದುವ ಭಟ್ಕಳ, ಹೊನ್ನಾವರ, ಕುಮಟಾದವರಿಗೆಲ್ಲ ವಿಶ್ವವಿದ್ಯಾಲಯ ಅಂದರೆ ನಮ್ಮ ಎರಡು ಕೋಣೆ ಮತ್ತು ಒಂದು ವೆಬ್‌ಸೈಟು. ಕೋಣೆ ಗುಡಿಸಲು ಬೇರೆಯವರಿದ್ದಾರೆ. ವೆಬ್‌ಸೈಟು ನನ್ನ ತಲೆಗೆ.

೧. ಸೀಲು

ನಮ್ಮಲ್ಲಿ ನೋಟಿಸು ವೆಬ್‌ಸೈಟಿಗೆ ಹೋಗುವ ದಾರಿ ಹೀಗೆ. ನಾನು ಕಂಪ್ಯೂಟರಿನಲ್ಲಿ ಟೈಪ್ ಮಾಡುತ್ತೇನೆ. ಪ್ರಿಂಟ್ ತೆಗೆಯುತ್ತೇನೆ. ಕೇಂದ್ರದ ಸಂಯೋಜಕರು ಹಸಿರು ಶಾಯಿಯಲ್ಲಿ ಸಹಿ ಮಾಡಿ ಸೀಲು ಒತ್ತುತ್ತಾರೆ. ಆ ಕಾಗದವನ್ನು ಮೇಜಿನ ಮೇಲಿಟ್ಟು ಮೊಬೈಲಿನಲ್ಲಿ ಫೋಟೋ ಹೊಡೆದು, ಆ ಫೋಟೋವನ್ನು ಮತ್ತೆ ಅದೇ ಕಂಪ್ಯೂಟರಿಗೆ ತುಂಬುತ್ತೇನೆ.

"ಸರ್, ಟೈಪ್ ಮಾಡಿದ್ದನ್ನೇ ಸೀದಾ ಹಾಕಿದ್ರೆ ಆತಲ್ಲ?" ಅಂತ ಸೇರಿದ ಹೊಸತರಲ್ಲೇ ಕೇಳಿದ್ದೆ.

"ಸೀಲಿಲ್ಲದ ನೋಟಿಸನ್ನು ಯಾರಾದ್ರೂ ನಂಬ್ತಾರಾ?" ಅಂದರು. ಕೆಟ್ಟ ಮನುಷ್ಯರಲ್ಲ. ಮೂವತ್ತು ವರ್ಷ ಕಾಗದದಲ್ಲೇ ಬದುಕಿದವರು, ಅಷ್ಟೇ.

ಒಮ್ಮೆ ಪರೀಕ್ಷೆಯ ವೇಳಾಪಟ್ಟಿ ಹಾಕಿದೆ. ಸೀಲು ಮಸುಕಾಗಿದೆ ಅಂತ ತೆಗೆಸಿದರು. ಪ್ಯಾಡಿಗೆ ಶಾಯಿ ಸುರಿದು, ಮೈಮೇಲೆ ಬಂದವರ ಹಾಗೆ ಒತ್ತಿದರು. ಮಧ್ಯಾಹ್ನದೊಳಗೆ ಹೊನ್ನಾವರದಿಂದ ಒಬ್ಬಳು ಫೋನ್ ಮಾಡಿದಳು. "ಮೇಡಂ, ಸೀಲು ಲಾಯ್ಕ ಕಾಣ್ತದೆ. ಅದರ ಅಡಿಗೆ ಯಾವ ಪರೀಕ್ಷೆ ಅದೆ ಅಂತ ಸ್ವಲ್ಪ ನೋಡಿ ಹೇಳ್ತೀರಾ?"

೨. ಹುಡುಕು

ವೆಬ್‌ಸೈಟಿನ ಮೇಲ್ಗಡೆ 'ಹುಡುಕು' ಅಂತ ಒಂದು ಪೆಟ್ಟಿಗೆ ಇದೆ. ಅಕ್ಷರ ಇದ್ದರೆ ತಾನೇ ಹುಡುಕುವುದು? ನಮ್ಮಲ್ಲಿದ್ದದ್ದು ಬರೀ ಫೋಟೋ. ಆದರೂ ಒಂದೇ ಒಂದು ನೋಟಿಸು ಮಾತ್ರ ಅಕ್ಷರದಲ್ಲಿತ್ತು. ಸಂಯೋಜಕರು ರಜೆಯಲ್ಲಿದ್ದ ದಿನ ಸಹಿಗೆ ಜನವಿಲ್ಲದೆ ನಾನೇ ಧೈರ್ಯ ಮಾಡಿ ಹಾಕಿದ್ದು. 'ಪರೀಕ್ಷೆ ಇರುವುದರಿಂದ ನೀರಿನ ಟ್ಯಾಂಕು ತೊಳೆಯುವುದನ್ನು ಮುಂದೂಡಲಾಗಿದೆ.'

ಭಟ್ಕಳದಲ್ಲಿ ಬಟ್ಟೆ ಅಂಗಡಿ ಇಟ್ಟುಕೊಂಡು ಎಂ.ಎ. ಓದುವ ಒಬ್ಬರಿದ್ದಾರೆ. ಐವತ್ತರ ಮೇಲಾಗಿದೆ, ಓದಿನ ಹುಚ್ಚು ಮಾತ್ರ ಇಳಿದಿಲ್ಲ. ಅವರು ಪರೀಕ್ಷೆ ಅಂತ ಹುಡುಕಿದರೂ ಟ್ಯಾಂಕೇ ಬಂತಂತೆ, ಮುಂದೂಡಲಾಗಿದೆ ಅಂತ ಹುಡುಕಿದರೂ ಟ್ಯಾಂಕೇ. ಮೂರು ವರ್ಷ ಹೀಗೇ ನಡೆಯಿತು. ಕೊನೆಗೆ ಫೋನ್ ಮಾಡಿ, "ಮೇಡಂ, ಪರೀಕ್ಷೆ ವಿಷಯ ಹೋಗಲಿ ಬಿಡಿ. ಆ ಟ್ಯಾಂಕು ತೊಳೆದ್ರಾ ಇಲ್ವಾ, ಅದಾದರೂ ಖರೆ ಹೇಳಿ!" ಅಂದರು.

ತೊಳೆದಿರಲಿಲ್ಲ.

೩. ದೊಡ್ಡ ಅಕ್ಷರ

ಆಮೇಲೆ ಮಿರ್ಜಾನದಿಂದ ಒಂದು ಹುಡುಗಿಯ ಫೋನ್ ಬಂತು. ಹುಟ್ಟಿನಿಂದಲೇ ಕಣ್ಣು ಕಾಣದವಳು. ಅಪ್ಪ ಇಲ್ಲ. ಅಮ್ಮ ಹೊಳೆಯಲ್ಲಿ ಬಳಚು ಅನ್ನುವ ಚಿಪ್ಪುಮೀನು ಹೆಕ್ಕಿ ಮಾರಿ ಮನೆ ನಡೆಸುತ್ತಾಳೆ, ಓದು ಬರುವುದಿಲ್ಲ. ಹುಡುಗಿ ಬಿ.ಎ. ಕೊನೆಯ ವರ್ಷ. ಅದು ಮುಗಿದರೆ ಬಿ.ಎಡ್. ಮಾಡಿ ಟೀಚರಾಗುವುದು ಅಂತ ನಿಶ್ಚಯ ಮಾಡಿಕೊಂಡಿದ್ದಳು. ಪರದೆಯ ಮೇಲಿದ್ದದ್ದನ್ನು ಗಟ್ಟಿಯಾಗಿ ಓದಿ ಹೇಳುವ ಮೊಬೈಲು ಅವಳ ಹತ್ತಿರ ಇತ್ತು.

"ಅಕ್ಕೋರೆ, ನಿಮ್ಮ ವೆಬ್‌ಸೈಟ್ ತೆಗೆದ್ರೆ ನನ್ನ ಫೋನು ಇಮೇಜ್, ಇಮೇಜ್, ಇಮೇಜ್ ಅಂತ ಹದಿನೇಳು ಸಲ ಹೇಳ್ತದೆ. ನೋಟಿಸು ಎಲ್ಲಿ ಅದೆ?"

ಸಂಯೋಜಕರಿಗೆ ಹೇಳಿದೆ. ಅವರಿಗೆ ನಿಜವಾಗಿಯೂ ಬೇಜಾರಾಯಿತು. ಕನ್ನಡಕ ತೆಗೆದು ಒರೆಸಿಕೊಂಡು, "ಪಾಪ. ಅಕ್ಷರ ದೊಡ್ಡದು ಮಾಡಿ" ಅಂದರು. ದೊಡ್ಡದು ಮಾಡಿದೆ. "ಇನ್ನೂ ದೊಡ್ಡದು" ಅಂದರು. ಒಂದು ನೋಟಿಸು ನಾಲ್ಕು ಹಾಳೆ ಆಯಿತು, ನಾಲ್ಕಕ್ಕೂ ಸೀಲು ಬಿತ್ತು. "ಈಗ ಕಾಣ್ತದಾ ಅಂತ ಅವಳನ್ನು ಕೇಳಿ" ಅಂದರು.

ನಾನೂ ಎಂಥ ಮರುಳಿ, ಕೇಳಿಯೇ ಬಿಟ್ಟೆ. ಆ ಹುಡುಗಿ ಬಿದ್ದು ಬಿದ್ದು ನಕ್ಕಳು. "ಅಕ್ಕೋರೆ, ಮೊದಲು ಹದಿನೇಳು ಇಮೇಜ್ ಇತ್ತು. ಈಗ ಇಪ್ಪತ್ತು ಅದೆ!"

೪. ಓದುವ ಅಕ್ಕೋರು

ಕಡೆಗೆ ನಾನೇ ಒಂದು ಉಪಾಯ ಮಾಡಿದೆ. ದಿನಾ ಬೆಳಿಗ್ಗೆ ಹತ್ತೂವರೆಗೆ ಅವಳು ಫೋನ್ ಮಾಡುವುದು, ಹೊಸ ನೋಟಿಸು ಇದ್ದರೆ ನಾನು ಓದಿ ಹೇಳುವುದು. ನಾನೋ, ಉಲ್ಲೇಖ ಸಂಖ್ಯೆಯಿಂದ ಹಿಡಿದು ರಾಗವಾಗಿ ಓದುವವಳು. "ಸಂಖ್ಯೆ ಬಿಡಿ ಅಕ್ಕೋರೆ, ವಿಷಯಕ್ಕೆ ಬನ್ನಿ" ಅನ್ನುತ್ತಿದ್ದಳು. ಅವಳ ಅಮ್ಮ ಒಂದು ದಿನ ಚೀಲದ ತುಂಬ ಬಳಚು ತಂದುಕೊಟ್ಟು, "ನಮ್ಮ ಮಗಳಿಗೆ ನೀವೇ ಕಣ್ಣು" ಅಂದಳು. ಸಂಯೋಜಕರು ಬಂದವರಿಗೆಲ್ಲ ನನ್ನನ್ನು ತೋರಿಸಿ ಹೊಗಳಿದರು. ನಾನು ಉಬ್ಬಿಹೋದೆ. ಸುಳ್ಳು ಎಂತಕ್ಕೆ, ಬಹಳ ಸುಖವಾಗುತ್ತಿತ್ತು. ವೆಬ್‌ಸೈಟು ಸರಿ ಮಾಡುವ ಮಾತು ಅಲ್ಲಿಗೆ ನಿಂತಿತು. ನಾನಿದ್ದೆನಲ್ಲ!

ಅಷ್ಟರಲ್ಲಿ ಚುನಾವಣೆ ಬಂತು. ನನಗೂ ಡ್ಯೂಟಿ ಬಿತ್ತು. ಸೋಮವಾರದಿಂದ ಭಟ್ಕಳದಲ್ಲಿ ತರಬೇತಿ, ಶುಕ್ರವಾರ ಮತದಾನ. ಆ ಸೋಮವಾರವೇ ಒಂದು ನೋಟಿಸು ಬಂದಿತ್ತು. ಕಣ್ಣು ಕಾಣದವರಿಗೆ ಪರೀಕ್ಷೆಯಲ್ಲಿ ಉತ್ತರ ಬರೆದುಕೊಡಲು ಒಬ್ಬರು ಬೇಕಾದರೆ ಗುರುವಾರದೊಳಗೆ ಅರ್ಜಿ ಕೊಡಬೇಕು. ಸಂಯೋಜಕರು ತಾವೇ ಸಹಿ ಮಾಡಿ, ಸೀಲು ಒತ್ತಿ, ಫೋಟೋ ಹೊಡೆದು ಹಾಕಿದರು.

ಅವಳು ಕಚೇರಿಗೆ ಫೋನ್ ಮಾಡಿದಳು. ಅಲ್ಲಿ ಫೋನು ಎತ್ತುವವಳೂ ನಾನೇ. ನನ್ನ ಮೊಬೈಲಿಗೆ ಮಾಡಿದಳು. ತರಬೇತಿಯಲ್ಲಿ ಅದು ಬ್ಯಾಗಿನಲ್ಲಿತ್ತು. ನಾಲ್ಕು ದಿನದಲ್ಲಿ ಏಳು ಸಲ ಮಾಡಿದ್ದಳು. ಸಂಜೆ ನೋಡಿದೆ. ನೋಡಿಯೂ, ದಿನದ ಓದು ತಾನೇ, ಹೋದ ಮೇಲೆ ಎಲ್ಲ ಒಟ್ಟಿಗೆ ಓದಿದರಾಯಿತು ಅಂತ ಸುಮ್ಮನಿದ್ದೆ.

ಮುಂದಿನ ಸೋಮವಾರ ಕಚೇರಿಗೆ ಬಂದು ನೋಟಿಸು ನೋಡಿದವಳು ಬ್ಯಾಗನ್ನೂ ಕೆಳಗಿಡಲಿಲ್ಲ. ಫೋನ್ ಮಾಡಿ ಓದಿದೆ. ಆ ದಿನ ಸಂಖ್ಯೆ ಓದಲಿಲ್ಲ.

"ಕಡೇ ದಿನ ಯಾವಾಗ, ಅಕ್ಕೋರೆ?"

"ಹೋದ ಗುರುವಾರ."

"ಆತು" ಅಂದಳು. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಸಂಯೋಜಕರು ನನಗಿಂತ ಹೆಚ್ಚು ಗಾಬರಿಯಾದರು. "ನೀವು ಹೇಗೂ ಓದಿ ಹೇಳಿರ್ತೀರಿ ಅಂದ್ಕೊಂಡೆ ಮಾರಾಯ್ರೆ" ಅಂದರು. ವಿಶ್ವವಿದ್ಯಾಲಯಕ್ಕೆ ಫೋನ್ ಮಾಡಿ ಬೇಡಿಕೊಂಡರು. ಹುಡುಗಿಗೆ ಒಂದು ವರ್ಷ ಹೋಗುತ್ತದೆ, ಒಂದೇ ಅರ್ಜಿ ತಗೊಳ್ಳಿ ಅಂದರು. ಆ ಕಡೆಯವರು ಬಹಳ ಮರ್ಯಾದೆಯಿಂದಲೇ ಉತ್ತರ ಕೊಟ್ಟರು. "ಎಲ್ಲರಿಗೂ ಕಾಣುವ ಹಾಗೆ ವೆಬ್‌ಸೈಟಿನಲ್ಲೇ ಹಾಕಿತ್ತಲ್ಲ ಸರ್, ಅವರು ನೋಡ್ಲಿಲ್ವಾ?"

೫. ಆದೇಶ

ಅವಳಿಗೆ ಒಂದು ವರ್ಷ ಹೋಗಿಯೇ ಹೋಯಿತು. ಪರೀಕ್ಷೆಯ ದಿನಗಳಲ್ಲಿ ಅವಳು ಮನೆಯಲ್ಲೇ ಕೂತಿದ್ದಳು. ಪರೀಕ್ಷೆ ಮುಗಿದ ಮೇಲೆ ಸಂಯೋಜಕರು ಎರಡು ದಿನ ಸೀಲನ್ನೇ ಮುಟ್ಟಲಿಲ್ಲ. ಮೂರನೆಯ ದಿನ ನನ್ನನ್ನು ಕರೆದು, "ಬರ್ಕೊಳ್ಳಿ. ಸೀಲಿನ ಸಹವಾಸ ಇನ್ನು ಸಾಕು" ಅಂದರು. ಅವರು ಹೇಳುತ್ತಾ ಹೋದರು, ನಾನು ಟೈಪ್ ಮಾಡುತ್ತಾ ಹೋದೆ. ಕಣ್ಣು ಮಂಜಾಗಿ ಎರಡು ಕಡೆ ತಪ್ಪಿತು. ಕೊನೆಗೂ ಒಂದು ಒಳ್ಳೆಯ ಕೆಲಸ ಆಯಿತು ಅಂತ ಸಮಾಧಾನದಿಂದ ಅದನ್ನು ವೆಬ್‌ಸೈಟಿಗೆ ಹಾಕಿ, ಊಟಕ್ಕೆ ಹೋದೆ.

ಮರುದಿನ ಹತ್ತೂವರೆಗೆ ಫೋನ್ ಬಂತು. ಅಷ್ಟಾದ ಮೇಲೆ ಅವಳು ಮಾಡಿದ ಮೊದಲ ಫೋನ್.

"ಅಕ್ಕೋರೆ, ಮೊನ್ನೆವರೆಗೆ ಮೂವತ್ತನಾಲ್ಕು ಇಮೇಜ್ ಇತ್ತು, ಈಗ ಮೂವತ್ತೈದು ಅದೆ. ಹೊಸತು ಎಂತ ಬಂತು?"

ಪರದೆ ನೋಡಿದೆ. ಹಸಿರು ಸಹಿ. ದುಂಡನೆಯ ಸೀಲು. ಕಾಗದದ ಮೂಲೆಯಲ್ಲಿ ನನ್ನ ಹೆಬ್ಬೆರಳೂ ಬಿದ್ದಿತ್ತು. ಓದಿದೆ.

"ಇನ್ನು ಮುಂದೆ ಈ ಕೇಂದ್ರದ ಯಾವ ನೋಟಿಸನ್ನೂ ಫೋಟೋ ರೂಪದಲ್ಲಿ ಹಾಕತಕ್ಕದ್ದಲ್ಲ."

ಆ ಕಡೆಯಿಂದ ನಗು ಶುರುವಾಯಿತು. ನಕ್ಕಳು, ನಕ್ಕಳು, ಕೆಮ್ಮು ಬರುವಷ್ಟು ನಕ್ಕಳು. ನಡುವೆ ಎಲ್ಲೋ ಅದು ಅಳುವಾಯಿತು. ಇಬ್ಬರೂ ಅತ್ತೆವು.

ಮೂಗು ಒರೆಸಿಕೊಂಡು ಕೇಳಿದಳು, "ಇದರ ಫೋಟೋ ಹೊಡೆದ ಪುಣ್ಯಾತ್ಮರು ಯಾರು ಅಕ್ಕೋರೆ? ಸಾಹೇಬರೇ?"

"ಅಲ್ಲ ಮಗಾ," ಅಂದೆ. "ನಾನೇ."